ಚಕ್ಕುಬಂದಿಯಿಲ್ಲದ ಮನೆ

ಹಾಸನ ಸೀಮೆಯಲ್ಲಿ ಬರೆಯುವ ಯಾವ ಕ್ರಯಪತ್ರವನ್ನೇ ತೆಗೆದುಕೊಳ್ಳಿ, ಕೊಡುವವರು ಯಾರು, ಕೊಳ್ಳುವವರು ಯಾರು, ಸ್ವತ್ತು ಪಿತ್ರಾರ್ಜಿತವೋ ಸ್ವಯಾರ್ಜಿತವೋ, ಹಣ ಯಾವ ರೀತಿ ಸಂದಾಯವಾಯಿತು ಎಂಬುದೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಷೆಡ್ಯೂಲು ಬರುತ್ತದೆ, ಆ ಷೆಡ್ಯೂಲಿನೊಳಗೆ ಚಕ್ಕುಬಂದಿ ಬರುತ್ತದೆ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ಖಾಲಿ ನಿವೇಶನ, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ರಸ್ತೆ. ಪತ್ರ ಬರಹಗಾರನಾಗಿ ಬದುಕಿನ ಬಹುಪಾಲನ್ನು ಇಂಥ ಸಾಲುಗಳನ್ನು ಬರೆಯುವುದರಲ್ಲೇ ಕಳೆದ ನನಗೆ, ಅವುಗಳ ಒಂದು ವಿಚಿತ್ರ ಗುಣ ಹೊಳೆದದ್ದು ಕೆಲಸ ಬಿಟ್ಟ ಮೇಲೆಯೇ. ನೆರೆಯವನು ಪತ್ರಕ್ಕೆ ಸಹಿ ಹಾಕುವುದಿಲ್ಲ, ಅವನ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ, ಆದರೂ ಅವನ ಹೆಸರಿಲ್ಲದೆ ನಮ್ಮ ಸ್ವತ್ತು ಎಲ್ಲಿದೆಯೆಂದು ಹೇಳಲು ಬರುವುದಿಲ್ಲ. ಅವನು ತೀರಿಕೊಂಡು, ಮಕ್ಕಳು ಮನೆ ಮಾರಿ ಬೆಂಗಳೂರು ಸೇರಿದ ಮೇಲೂ ಹಳೆಯ ಪತ್ರಗಳಲ್ಲಿ ಅವನೇ ನಮ್ಮ ಗಡಿಯಾಗಿ ನಿಂತಿರುತ್ತಾನೆ. ಹುಡಾದಂಥ (ಹಾಸನ ನಗರಾಭಿವೃದ್ಧಿ ಪ್ರಾಧಿಕಾರ) ಪ್ರಾಧಿಕಾರಗಳು ಮಾಡಿದ ಬಡಾವಣೆಗಳಲ್ಲಿ ಈಗ ಹೆಸರಿನ ಬದಲು ನಿವೇಶನದ ಸಂಖ್ಯೆ ಬರುತ್ತದೆ, ಅದು ಬೇರೆ ಮಾತು.

ನೆಲವನ್ನು ಹೀಗೆ ಗಡಿ ಹೇಳಿ ಗುರುತಿಸುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ, ಸುಮಾರು ಐದನೆಯ ಶತಮಾನದ್ದು, ಮೂಲತಃ ಒಂದು ದತ್ತಿಯ ದಾಖಲೆ. ಹೊಯ್ಸಳರ ಕಾಲದ ದಾನಶಾಸನಗಳಲ್ಲಿ ಕೆರೆ, ಮರ, ಬಂಡೆಗಳನ್ನು ಹೆಸರಿಸಿ ಸೀಮೆಯನ್ನು ವಿವರಿಸಿದ ಸಾಲುಗಳನ್ನು ಓದಿದರೆ ಪತ್ರ ಬರಹಗಾರನಿಗೆ ತನ್ನ ಹಿರಿಯರ ಕೈಬರಹ ಕಂಡಂತೆ ಆಗುತ್ತದೆ. ನಿಧಿ, ನಿಕ್ಷೇಪ, ಜಲ, ಪಾಷಾಣ ಎಂದು ಸಾಗುವ ಅಷ್ಟಭೋಗದ, ಅಂದರೆ ನೆಲದ ಮೇಲಿನ ಎಂಟು ಬಗೆಯ ಅನುಭೋಗದ ಹಕ್ಕುಗಳ, ಒಕ್ಕಣೆಯನ್ನು ಇತ್ತೀಚಿನವರೆಗೂ ನಾವು ಪತ್ರಗಳಲ್ಲಿ ಹಾಗೆಯೇ ಇಟ್ಟುಕೊಂಡು ಬಂದಿದ್ದೆವು.

ಇಂಥ ಪತ್ರಗಳ ನಡುವೆ ಬೆಳೆದ ನನ್ನ ಮಗಳು ಮತ್ತು ಅಳಿಯ ನ್ಯೂಯಾರ್ಕ್ ನಗರದ ಕ್ವೀನ್ಸ್‌ನಲ್ಲಿ, ಜಾಕ್ಸನ್ ಹೈಟ್ಸ್ ಎಂಬ ಪ್ರದೇಶದಲ್ಲಿ ಮನೆ ಕೊಂಡರು. ಕ್ವೀನ್ಸ್ ಎಂಬುದು ಆ ನಗರದ ಐದು ಬರೋಗಳಲ್ಲಿ, ಅಂದರೆ ಆಡಳಿತ ವಿಭಾಗಗಳಲ್ಲಿ, ಒಂದು. ಅಲ್ಲಿನ 2020ರ ಜನಗಣತಿಯಂತೆ ಅದರ ಜನಸಂಖ್ಯೆ 24 ಲಕ್ಷಕ್ಕೆ ತುಸು ಹೆಚ್ಚು, ವಿಸ್ತೀರ್ಣ 280 ಚದರ ಕಿಲೋಮೀಟರಿನ ಆಸುಪಾಸು. ನಮ್ಮ ಇಡೀ ಹಾಸನ ಜಿಲ್ಲೆ 6,800 ಚದರ ಕಿಲೋಮೀಟರ್ ಇದ್ದು, 2011ರ ಗಣತಿಯಲ್ಲಿ 17 ಲಕ್ಷ 76 ಸಾವಿರ ಜನರನ್ನು ಹೊಂದಿತ್ತು. ಸಕಲೇಶಪುರದ ಘಟ್ಟದಿಂದ ಅರಸೀಕೆರೆಯ ತೆಂಗಿನ ತೋಟದವರೆಗೆ ಹರಡಿಕೊಂಡಿರುವ ನಾವೆಲ್ಲ, ಇನ್ನೂ ಆರೇಳು ಲಕ್ಷ ಜನರನ್ನು ಜೊತೆಗೆ ಕರೆದುಕೊಂಡು, ಒಂದು ಹೋಬಳಿಯಷ್ಟು ಜಾಗದಲ್ಲಿ ಮನೆ ಹೂಡಿದರೆ ಹೇಗಿದ್ದೀತೋ ಹಾಗೆ. ಅಲ್ಲಿರುವವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಅಮೆರಿಕದ ಹೊರಗೆ ಹುಟ್ಟಿದವರು.

ಮಗಳು ಕಳುಹಿಸಿದ ಕಾಗದಗಳ ಕರಡನ್ನು ತೆರೆದಾಗ ನಾನು ಮೊದಲು ಹುಡುಕಿದ್ದು ಷೆಡ್ಯೂಲನ್ನು. ಅದು ಇರಲೇ ಇಲ್ಲ. ಅವರು ಕೊಂಡದ್ದು ಕೋ-ಆಪ್ ಎಂಬ ಬಗೆಯ ಮನೆ. ಇಡೀ ಕಟ್ಟಡಕ್ಕೆ ಒಡೆಯ ಒಂದು ಕಂಪನಿ, ಕೊಳ್ಳುವವರು ಆ ಕಂಪನಿಯ ಷೇರುದಾರರು. ಮನೆಯ ವಿಸ್ತಾರ, ಅಂತಸ್ತು ಇತ್ಯಾದಿಗಳನ್ನು ನೋಡಿ ಪ್ರತಿ ಮನೆಗೂ ಇಷ್ಟು ಷೇರು ಎಂದು ಹಂಚಿರುತ್ತಾರೆ, ಆ ಷೇರುಗಳ ಜೊತೆಗೆ ಆ ಮನೆಯಲ್ಲಿ ವಾಸಿಸುವ ಹಕ್ಕನ್ನು ಕೊಡುವ ದೀರ್ಘಾವಧಿಯ ಗೇಣಿ ಪತ್ರವೊಂದು ಬರುತ್ತದೆ. ಅಂದರೆ ತಾನು ಪಾಲುದಾರನಾಗಿರುವ ಕಂಪನಿಗೆ ತಾನೇ ಬಾಡಿಗೆದಾರ. ನಮ್ಮ ಕಡೆಯ ಅಪಾರ್ಟ್‌ಮೆಂಟಿನಲ್ಲಿ, 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಂತೆ, ಮನೆಯೂ ಸ್ವಂತವಾಗಿರುತ್ತದೆ, ನೆಲದಲ್ಲಿ ಅವಿಭಜಿತ ಹಕ್ಕೂ ಇರುತ್ತದೆ. ಅಲ್ಲಿ ಅದಕ್ಕೆ ಸಮೀಪವಾದದ್ದು ಕಾಂಡೊ, ಅದರ ಬೆಲೆ ಸಾಮಾನ್ಯವಾಗಿ ಕೋ-ಆಪ್‌ಗಿಂತ ಹೆಚ್ಚು. ಕೋ-ಆಪ್‌ನಲ್ಲಿ ತಿಂಗಳು ತಿಂಗಳು ಕಟ್ಟುವ ನಿರ್ವಹಣಾ ಶುಲ್ಕದೊಳಗೆ ಕಟ್ಟಡದ ಆಸ್ತಿ ತೆರಿಗೆ ಸೇರಿರುತ್ತದೆ, ಕಂಪನಿ ಕಟ್ಟಡದ ಮೇಲೆ ಸಾಲ ಮಾಡಿದ್ದರೆ ಅದರ ಕಂತೂ ಸೇರಿರುತ್ತದೆ. ಆದ್ದರಿಂದ ಮನೆಯನ್ನು ನೋಡುವ ಮೊದಲು ಕಂಪನಿಯ ಲೆಕ್ಕಪತ್ರವನ್ನು ನೋಡಬೇಕು, ಆ ಕೆಲಸವನ್ನು ಅವರ ವಕೀಲರು ಮಾಡಿದರು. ನ್ಯೂಯಾರ್ಕಿನಲ್ಲಿ ಕೊಳ್ಳುವವರಿಗೂ ಮಾರುವವರಿಗೂ ಬೇರೆ ಬೇರೆ ವಕೀಲರಿರುವುದು ವಾಡಿಕೆ. ಮುಂಗಡವೆಂದು ಕೊಡುವ ಶೇಕಡಾ 10ರಷ್ಟು ಹಣ ಮಾರುವವರ ಕೈಗೆ ಹೋಗುವುದಿಲ್ಲ, ವ್ಯವಹಾರ ಮುಗಿಯುವವರೆಗೂ ಮಾರುವವರ ವಕೀಲರ ಪ್ರತ್ಯೇಕ ಖಾತೆಯಲ್ಲಿ ಇರುತ್ತದೆ. ಅಗ್ರಿಮೆಂಟು ಮಾಡಿಕೊಂಡು ಮುಂಗಡವನ್ನು ಮಗಳ ಮದುವೆಗೆ ಖರ್ಚು ಮಾಡಿ, ನೋಂದಣಿಗೆ ಬಾ ಎಂದರೆ ಬಾರದೆ ಸತಾಯಿಸಿದವರನ್ನು ಸಾಕಷ್ಟು ಕಂಡಿರುವ ನನಗೆ ಈ ಏರ್ಪಾಡು ಬಹಳ ಹಿಡಿಸಿತು.

ತೆರಿಗೆಯ ಲೆಕ್ಕವೂ ತಲೆಕೆಳಗು. ಇಲ್ಲಿ ಮುದ್ರಾಂಕ ಶುಲ್ಕ ಶೇಕಡಾ 5, ಅದರ ಮೇಲೆ ಸೆಸ್ಸು ಸರ್‌ಚಾರ್ಜು, 2025ರ ಆಗಸ್ಟ್ ಕೊನೆಯಿಂದ ಶೇಕಡಾ 1ರಿಂದ 2ಕ್ಕೆ ಏರಿದ ನೋಂದಣಿ ಶುಲ್ಕ, ಎಲ್ಲವೂ ಕೊಳ್ಳುವವರ ತಲೆಯ ಮೇಲೆ. ಅಲ್ಲಿ ವರ್ಗಾವಣೆ ತೆರಿಗೆಯನ್ನು ಸಾಮಾನ್ಯವಾಗಿ ಮಾರುವವರೇ ಕಟ್ಟುತ್ತಾರೆ. ಬೆಲೆ 10 ಲಕ್ಷ ಡಾಲರ್ ಮುಟ್ಟಿದರೆ ಮಾತ್ರ ಕೊಳ್ಳುವವರ ಮೇಲೆ ಶೇಕಡಾ 1ರಿಂದ ಶುರುವಾಗುವ ಇನ್ನೊಂದು ತೆರಿಗೆ ಬೀಳುತ್ತದೆ. ಮನೆಯ ಅಡಮಾನವನ್ನು ದಾಖಲಿಸಲು ನಗರದಲ್ಲಿ ದೊಡ್ಡ ಮೊತ್ತದ ತೆರಿಗೆಯುಂಟು, ಆದರೆ ಕೋ-ಆಪ್ ಎಂಬುದು ಕಾನೂನಿನ ಕಣ್ಣಿನಲ್ಲಿ ಸ್ಥಿರಾಸ್ತಿಯೇ ಅಲ್ಲವಾದ್ದರಿಂದ ಅದು ಇವರಿಗೆ ತಗಲಲಿಲ್ಲ.

ಕ್ವೀನ್ಸ್‌ನ ಆಸ್ತಿ ದಾಖಲೆಗಳನ್ನು ಹಾಸನದ ನನ್ನ ಮನೆಯಲ್ಲಿ ಕುಳಿತು ನೋಡಬಹುದೆಂದು ತಿಳಿದದ್ದು ಈ ನೆಪದಲ್ಲಿ. ನಗರದ ಏಕ್ರಿಸ್ ಎಂಬ ಜಾಲತಾಣದಲ್ಲಿ 1966ರಿಂದ ಈಚಿನ ಪತ್ರಗಳ ಚಿತ್ರಪ್ರತಿಗಳು ಹಣವಿಲ್ಲದೆ, ಲಾಗಿನ್ ಇಲ್ಲದೆ ಸಿಗುತ್ತವೆ. ಬ್ಲಾಕ್ ಮತ್ತು ಲಾಟ್ ಸಂಖ್ಯೆ ಕೊಟ್ಟರೆ ಸಾಕು. ನಮ್ಮಲ್ಲಿಯೂ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ ಋಣಭಾರ ಪತ್ರ ಮನೆಯಲ್ಲೇ ಸಿಗುತ್ತದೆ ನಿಜ, ಆದರೆ 2004ಕ್ಕೆ ಹಿಂದಿನ ವ್ಯವಹಾರವೆಂದರೆ ಈಗಲೂ ಹಳೆಯ ಪುಸ್ತಕಗಳನ್ನು ತೆಗೆಸಬೇಕು. ಇನ್ನೊಂದು ವ್ಯತ್ಯಾಸವೆಂದರೆ ಅಲ್ಲಿ ಕಾಣುವ ಬೆಲೆ ನಿಜವಾಗಿ ಕೊಟ್ಟ ಬೆಲೆ. ಇಲ್ಲಿ ಪತ್ರದಲ್ಲಿ ಕಾಣುವ ಮೊತ್ತಕ್ಕೂ ಕೈ ಬದಲಾಯಿಸಿದ ಮೊತ್ತಕ್ಕೂ ಇರುವ ಸಂಬಂಧವನ್ನು ಬಲ್ಲವರೇ ಬಲ್ಲರು.

ಕೋ-ಆಪ್‌ಗೆ ಮೊದಲು ಅವರು ಎರಡು ಕುಟುಂಬಗಳ ಒಂದು ಮನೆಯನ್ನೂ ನೋಡಿದ್ದರು. ನೆಲಮಾಳಿಗೆಯನ್ನು ಬಾಡಿಗೆಗೆ ಕೊಟ್ಟು ಸಾಲದ ಕಂತಿಗೆ ದಾರಿ ಮಾಡಿಕೊಳ್ಳಬಹುದೆಂದು ದಲ್ಲಾಳಿ ಸೂಚಿಸಿದರಂತೆ. 2021ರ ಸೆಪ್ಟೆಂಬರ್ 1ರ ರಾತ್ರಿ ಇಡಾ ಚಂಡಮಾರುತದ ಮಳೆ ಒಂದೇ ಗಂಟೆಯಲ್ಲಿ ಮೂರು ಅಂಗುಲಕ್ಕೂ ಮೀರಿ ಸುರಿದಾಗ ಆ ನಗರದ ನೆಲಮಾಳಿಗೆಯ ಮನೆಗಳಲ್ಲಿ 11 ಮಂದಿ ಮುಳುಗಿ ಸತ್ತರು, ಅವರಲ್ಲಿ ಹೆಚ್ಚಿನವರು ಕ್ವೀನ್ಸ್‌ನವರು, ವಲಸೆ ಬಂದ ಬಡವರು. ಅಂಥ ಮನೆಗಳನ್ನು ಮಾರುವವರು ನೀರು ನುಗ್ಗಿದ ಚರಿತ್ರೆಯನ್ನು ಬರೆದುಕೊಡಬೇಕೆಂಬ ನಿಯಮ 2024ರ ಮಾರ್ಚ್‌ನಿಂದ ಬಿಗಿಯಾಗಿದೆ. ಬರೆದುಕೊಟ್ಟದ್ದನ್ನು ಓದಿ ಅವರು ಹಿಂದೆ ಸರಿದರು.

ಈಗ ನಾನು ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ಮನೆ ನೋಡಲು ಹೋದಾಗ ಅಳಿಯ, ನಾವೆಲ್ಲ ಕೇಳುವಂತೆಯೇ, ಈ ಬೀದಿಯಲ್ಲಿ ಭಾರತೀಯರಿದ್ದಾರೆಯೇ, ಅಕ್ಕಪಕ್ಕದಲ್ಲಿ ಎಂಥ ಜನ ಎಂದು ದಲ್ಲಾಳಿಯನ್ನು ಕೇಳಿದರು. ಆಕೆ ನಗುತ್ತ, ಅದನ್ನು ನಾನು ಹೇಳುವಂತಿಲ್ಲ, ನೀವೇ ಓಡಾಡಿ ನೋಡಿಕೊಳ್ಳಿ ಎಂದರು. ಕೊಳ್ಳುವವರನ್ನು ಅವರವರ ಜನಾಂಗದ ಕಡೆಗೆ ತಿರುಗಿಸುವುದು, ಇಂಥವರು ಇದ್ದಾರೆ ಎಂದು ಹೇಳಿ ಬೇರೆ ಕಡೆಗೆ ಸಾಗಹಾಕುವುದು ಅಲ್ಲಿ ಕಾನೂನಿಗೆ ವಿರುದ್ಧ. ಖಾಸಗಿ ಮನೆಗಳ ವ್ಯವಹಾರದಲ್ಲಿ ಜನಾಂಗ, ಧರ್ಮಗಳ ಭೇದವನ್ನು ನಿಷೇಧಿಸಿದ ಶಾಸನವನ್ನು ನ್ಯೂಯಾರ್ಕ್ ನಗರ 1957ರಲ್ಲಿಯೇ ಮಾಡಿತು. ಇಡೀ ಅಮೆರಿಕಕ್ಕೆ ಅನ್ವಯಿಸುವ ಕಾಯ್ದೆ 1968ರ ಏಪ್ರಿಲ್‌ನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾದ ಒಂದು ವಾರಕ್ಕೆ ಬಂತು. ಆ ದಲ್ಲಾಳಿಯ ಮೌನದ ಹಿಂದೆ ಇಷ್ಟೆಲ್ಲ ಇತ್ತು.

ಏಕೆ ಅಂಥ ಕಾನೂನು ಬೇಕಾಯಿತೆಂಬುದನ್ನು ಜಾಕ್ಸನ್ ಹೈಟ್ಸ್‌ನ ಇತಿಹಾಸವೇ ಹೇಳುತ್ತದೆ. 1909ರಲ್ಲಿ ಕ್ವೀನ್ಸ್‌ಬರೋ ಸೇತುವೆ ತೆರೆಯಿತು, 1917ರಲ್ಲಿ ಎತ್ತರದ ರೈಲುಮಾರ್ಗ ಬಂತು. ಕ್ವೀನ್ಸ್‌ಬರೋ ಕಾರ್ಪೊರೇಷನ್ ಎಂಬ ಸಂಸ್ಥೆ, ಎಡ್ವರ್ಡ್ ಮ್ಯಾಕ್‌ಡೂಗಲ್ ಎಂಬುವರ ಮುಂದಾಳತ್ವದಲ್ಲಿ, ಹೊಲಗದ್ದೆಗಳನ್ನು ಕೊಂಡು ನಡುವೆ ಉದ್ಯಾನವಿರುವ ಇಟ್ಟಿಗೆಯ ಕಟ್ಟಡಗಳನ್ನು ಎಬ್ಬಿಸಿ, 1920ರ ಹೊತ್ತಿಗೆ ಅವನ್ನು ಕೋ-ಆಪ್ ಮಾದರಿಯಲ್ಲಿ ಮಾರತೊಡಗಿತು. ಯಹೂದಿಗಳಿಗೂ ಕಪ್ಪು ಜನರಿಗೂ ಅಲ್ಲಿ ಪ್ರವೇಶವಿರಲಿಲ್ಲ. ಇಂದು ಅದೇ ಕಟ್ಟಡಗಳ ಕೆಳಗಿನ ಬೀದಿಗಳಲ್ಲಿ ಹತ್ತಾರು ಭಾಷೆಗಳು ಕೇಳುತ್ತವೆ, 1993ರಲ್ಲಿ ನಗರ ಆ ಪ್ರದೇಶದ ಒಂದು ಭಾಗವನ್ನು ಪಾರಂಪರಿಕ ವಲಯವೆಂದು ಘೋಷಿಸಿತು. ವೈವಿಧ್ಯಕ್ಕೆ ಹೆಸರಾದ ಊರು ಮೊದಲಿನಿಂದ ಹಾಗಿರಲಿಲ್ಲವೆಂಬುದು, ಉದ್ಯಾನಗಳ ಅಂದವನ್ನು ಮೆಚ್ಚುವ ಭರದಲ್ಲಿ ಮರೆತುಹೋಗುವಂಥ ಸಂಗತಿ.

ಕ್ವೀನ್ಸ್‌ನ ಇನ್ನೊಂದು ಮೂಲೆಯಲ್ಲಿ, ಸೇಂಟ್ ಆಲ್ಬನ್ಸ್‌ನ ಆಡಿಸ್ಲೀ ಪಾರ್ಕ್‌ನಲ್ಲಿ, ಕಪ್ಪು ಜನರಿಗೆ ಮಾರುವುದಿಲ್ಲವೆಂದು ಮನೆಯ ಒಡೆಯರು ತಮ್ಮ ತಮ್ಮಲ್ಲಿ ಕರಾರು ಬರೆದು ನೋಂದಾಯಿಸಿಕೊಂಡಿದ್ದರು. ಕರಾರು ಮುರಿದು ಮಾರಲು ಹೊರಟವರ ವಿರುದ್ಧ ನೆರೆಯವರು ನ್ಯಾಯಾಲಯಕ್ಕೆ ಹೋದರು, 1947ರಲ್ಲಿ ನ್ಯಾಯಾಲಯ ನೆರೆಯವರ ಪರವಾಗಿಯೇ ಹೇಳಿತು. ಮರುವರ್ಷ ಅಮೆರಿಕದ ಸರ್ವೋಚ್ಚ ನ್ಯಾಯಾಲಯ, ಸೇಂಟ್ ಲೂಯಿಸ್‌ನ ಶೆಲ್ಲಿ ಎಂಬ ಕುಟುಂಬದ ಮೊಕದ್ದಮೆಯಲ್ಲಿ, ಇಂಥ ಕರಾರುಗಳನ್ನು ಯಾವ ನ್ಯಾಯಾಲಯವೂ ಜಾರಿಗೊಳಿಸುವಂತಿಲ್ಲವೆಂದು ತೀರ್ಪು ಕೊಟ್ಟಿತು. ಕರಾರು ಬರೆಯುವುದೇ ತಪ್ಪೆಂದು ಅದು ಹೇಳಲಿಲ್ಲ. ಬರೆದ ಕಾಗದ ಉಳಿಯಿತು, ಅದರ ಹಿಂದೆ ನಿಲ್ಲುವ ಸರ್ಕಾರದ ಕೈ ಹೋಯಿತು. ಪತ್ರ ಬರೆಯುವವನಾಗಿ ಆ ತೀರ್ಪಿನ ಈ ಸೂಕ್ಷ್ಮವನ್ನು ನಾನು ಮತ್ತೆ ಮತ್ತೆ ಮೆಲುಕು ಹಾಕಿದ್ದೇನೆ. ಜಾಝ್ ಸಂಗೀತಗಾರರಾದ ಕೌಂಟ್ ಬೇಸಿ ಮತ್ತು ಎಲಾ ಫಿಟ್ಸ್‌ಜೆರಾಲ್ಡ್, ಬೇಸ್‌ಬಾಲ್ ಆಟಗಾರ ಜಾಕಿ ರಾಬಿನ್‌ಸನ್ ವಾಸಿಸಿದ ಪ್ರದೇಶವೆಂದು ಈಗ ಜನ ಆಡಿಸ್ಲೀ ಪಾರ್ಕನ್ನು ನೆನೆಯುತ್ತಾರೆ. ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಮನೆ ಇರುವುದೂ ಕ್ವೀನ್ಸ್‌ನಲ್ಲಿಯೇ, ಜಾಕ್ಸನ್ ಹೈಟ್ಸ್‌ಗೆ ಹತ್ತಿರದ ಕರೋನಾದಲ್ಲಿ. 1943ರಲ್ಲಿ ಗಂಡ ಪ್ರವಾಸದಲ್ಲಿದ್ದಾಗ ಹೆಂಡತಿ ಲೂಸಿಲ್ ಆ ಮನೆಯನ್ನು ಕೊಂಡರು. ಎಂಥ ಅರಮನೆಯನ್ನು ಬೇಕಾದರೂ ಕೊಳ್ಳಬಲ್ಲವರಾದ ಮೇಲೂ ಆರ್ಮ್‌ಸ್ಟ್ರಾಂಗ್ 1971ರಲ್ಲಿ ತೀರಿಕೊಳ್ಳುವವರೆಗೆ ಆ ಸಾಧಾರಣ ಬೀದಿಯನ್ನು ಬಿಡಲಿಲ್ಲ.

ಹಾಸನದಲ್ಲಿ ಇಂಥ ಕರಾರನ್ನು ಯಾರೂ ನನ್ನ ಕೈಯಲ್ಲಿ ಬರೆಸಲಿಲ್ಲ. ಬರೆಸುವ ಅಗತ್ಯವೇ ಇರಲಿಲ್ಲ. ಪತ್ರ ನನ್ನ ಮೇಜಿಗೆ ಬರುವ ಮೊದಲೇ, ಕಾಫಿ ಲೋಟ ಕೈಗೆ ಬರುವ ಹೊತ್ತಿನಲ್ಲಿ, "ನಿಮ್ಮದು ಯಾವ ಕಡೆ, ಯಾವ ಜನ?" ಎಂಬ ಪ್ರಶ್ನೆ ಮುಗಿದಿರುತ್ತಿತ್ತು. ಬೆಲೆ ಕುದುರಿದ ಮೇಲೆ ಇದ್ದಕ್ಕಿದ್ದಂತೆ, "ಮನೆಯಲ್ಲಿ ಹೆಂಗಸರು ಒಪ್ಪುತ್ತಿಲ್ಲ ಸ್ವಾಮಿ" ಎಂದು ಹಿಂದೆ ಸರಿದವರ ಕಾರಣವೇನೆಂದು ನಮಗೆಲ್ಲ ಗೊತ್ತಿರುತ್ತಿತ್ತು. ಬಾಡಿಗೆಯ ಬೋರ್ಡುಗಳ ಮೇಲೆ ಸಸ್ಯಾಹಾರಿಗಳಿಗೆ ಮಾತ್ರ ಎಂದು ಬರೆಯುವುದನ್ನು ಯಾರೂ ತಪ್ಪೆಂದು ಭಾವಿಸುವುದಿಲ್ಲ. ನಮ್ಮ ಕ್ರಯಪತ್ರಗಳು ಈ ಬಗ್ಗೆ ಒಂದಕ್ಷರವನ್ನೂ ಹೇಳದಿರುವುದು ಅವುಗಳ ಶುದ್ಧತೆಯಲ್ಲ, ಕೆಲಸ ಬೇರೆಡೆ ಆಗಿಹೋಗಿದೆ ಎಂಬುದರ ಗುರುತು. ಚಕ್ಕುಬಂದಿಯ ನಾಲ್ಕು ಹೆಸರುಗಳನ್ನು ಓದಿದರೆ ಆ ಬೀದಿ ಯಾರದ್ದೆಂದು ಹೇಳಬಹುದು, ನಾನೇ ಎಷ್ಟೋ ಸಲ ಹೇಳಿದ್ದೇನೆ.

ಬರೆದು ಇಟ್ಟುಕೊಳ್ಳುವವರಿಗೂ ನಮ್ಮ ಕಾನೂನು ಅಡ್ಡಿಯಾಗಿಲ್ಲ. ಗುಜರಾತಿನ ಝೊರಾಸ್ಟ್ರಿಯನ್ ಸಹಕಾರ ಗೃಹ ನಿರ್ಮಾಣ ಸಂಘದ ಉಪವಿಧಿಯಲ್ಲಿ ಪಾರ್ಸಿಗಳಿಗೆ ಮಾತ್ರ ಸದಸ್ಯತ್ವವೆಂದು ಇತ್ತು. ಸದಸ್ಯರೊಬ್ಬರು ಹೊರಗಿನವರಿಗೆ ಮಾರಲು ಹೊರಟಾಗ ವಿವಾದವಾಗಿ, 2005ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ಆ ಉಪವಿಧಿಯನ್ನು ಎತ್ತಿಹಿಡಿಯಿತು. ಸಂಘ ಕಟ್ಟಿಕೊಳ್ಳುವ ಸ್ವಾತಂತ್ರ್ಯದಲ್ಲಿ ಯಾರನ್ನು ಸೇರಿಸಿಕೊಳ್ಳಬೇಕೆಂಬ ಸ್ವಾತಂತ್ರ್ಯವೂ ಅಡಗಿದೆ ಎಂಬುದು ಅದರ ತರ್ಕ. ಸಂಖ್ಯೆಯಲ್ಲಿ ಕರಗುತ್ತಿರುವ ಸಮುದಾಯವೊಂದು ಒಟ್ಟಿಗೆ ಬದುಕಲು ಬಯಸುವುದನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ. ಆದರೆ ಅದೇ ತರ್ಕವನ್ನು ಬಲವುಳ್ಳವರು ಹಿಡಿದುಕೊಂಡರೆ ಆಗುವುದೇನೆಂದು ಆಡಿಸ್ಲೀ ಪಾರ್ಕ್‌ನ ಕಾಗದಗಳು ತೋರಿಸುತ್ತವೆ.

ಹಾಗೆಂದು ಕ್ವೀನ್ಸ್‌ನಲ್ಲಿ ಜರಡಿಯೇ ಇಲ್ಲವೆಂದು ಭಾವಿಸಬಾರದು. ಕೋ-ಆಪ್ ಕೊಳ್ಳಲು ಮಾರುವವರು ಒಪ್ಪಿದರೆ ಸಾಲದು, ಕಟ್ಟಡದ ಆಡಳಿತ ಮಂಡಳಿ ಒಪ್ಪಬೇಕು. ತೆರಿಗೆಯ ವಿವರಗಳು, ಬ್ಯಾಂಕಿನ ಲೆಕ್ಕಗಳು, ಕೆಲಸದ ಪ್ರಮಾಣಪತ್ರ, ಪರಿಚಿತರು ಬರೆದುಕೊಟ್ಟ ಶಿಫಾರಸು ಪತ್ರಗಳು, ಎಲ್ಲವನ್ನೂ ಸೇರಿಸಿ ದಪ್ಪನೆಯ ಕಡತವೊಂದನ್ನು ಮಗಳು ಸಲ್ಲಿಸಿದಳು. ಆಮೇಲೆ ಸಂದರ್ಶನ. ನಾಯಿ ಸಾಕುತ್ತೀರಾ, ಮನೆಯನ್ನು ಒಡೆದು ಕಟ್ಟಿಸುವ ಯೋಚನೆಯಿದೆಯೇ, ಬಾಡಿಗೆಗೆ ಕೊಡುವಿರಾ ಎಂದು ಸೌಜನ್ಯದಿಂದಲೇ ಕೇಳಿದರಂತೆ. ಜನಾಂಗ, ಧರ್ಮ, ಹುಟ್ಟಿದ ದೇಶ ಮುಂತಾದ ಕಾರಣಗಳಿಗಾಗಿ ಮಂಡಳಿ ಯಾರನ್ನೂ ನಿರಾಕರಿಸುವಂತಿಲ್ಲ. ಆದರೆ ಕಾರಣವನ್ನೇ ಹೇಳದೆ ನಿರಾಕರಿಸಬಹುದು! ಕಾರಣ ಹೇಳಬೇಕಿಲ್ಲದಿದ್ದ ಮೇಲೆ ನಿಷಿದ್ಧವಾದ ಕಾರಣ ಯಾವುದೆಂದು ಸಾಬೀತುಪಡಿಸುವವರು ಯಾರು? ನೂರು ವರ್ಷದ ಹಿಂದೆ ಬೇಡದವರನ್ನು ಹೊರಗಿಡಲು ಬಳಕೆಯಾದ ಜರಡಿ ಅದೇ ಇದೆ, ಅದರ ಮೇಲೆ ಒಂದು ಮುಚ್ಚಳ ಬಂದಿದೆ ಅಷ್ಟೆ. ನನ್ನ ಮಗಳ ಕಡತ ಪಾರಾಯಿತು. ಪಾರಾಗದವರಿಗೆ ಎರಡು ಸಾಲಿನ ಪತ್ರ ಬರುತ್ತದೆ.

ನಾನೂ ನನ್ನ ಹೆಂಡತಿಯೂ ಅಲ್ಲಿ ಕೆಲಕಾಲ ಇದ್ದು ಬಂದೆವು. ರೂಸ್‌ವೆಲ್ಟ್ ಅವೆನ್ಯೂ ಎಂಬ ಬೀದಿಯ ನೆತ್ತಿಯ ಮೇಲೆ 7ನೇ ನಂಬರಿನ ರೈಲು ಗಡಗಡಿಸುತ್ತ ಹೋಗುತ್ತದೆ, ಕೆಳಗೆ ಕೊಲಂಬಿಯಾ, ಈಕ್ವೆಡಾರ್, ಮೆಕ್ಸಿಕೋದವರ ತಿಂಡಿಯ ಗಾಡಿಗಳು. 74ನೇ ಬೀದಿಗೆ ತಿರುಗಿದರೆ ಸೀರೆ, ಒಡವೆ, ಹಸಿಮೆಣಸು, ಕರಿಬೇವು. ಅಂಗಡಿಕಾರರಲ್ಲಿ ಬಾಂಗ್ಲಾದೇಶ, ನೇಪಾಳದವರು ಈಗ ಹೆಚ್ಚು. ಅದೇ ರೈಲಿನಲ್ಲಿ ಕೊನೆಯ ನಿಲ್ದಾಣ ಫ್ಲಶಿಂಗ್‌ಗೆ ಹೋದರೆ ಬೌನ್ ಬೀದಿಯಲ್ಲಿ 1977ರಲ್ಲಿ ಪ್ರತಿಷ್ಠಾಪನೆಯಾದ ಗಣಪತಿ ದೇವಸ್ಥಾನವಿದೆ, ಅದರ ಕೆಳಗಿನ ಕ್ಯಾಂಟೀನಿನ ದೋಸೆಯನ್ನು ನನ್ನ ಹೆಂಡತಿ ಕೂಡ ಒಪ್ಪಿದಳೆಂದರೆ ಉಳಿದದ್ದನ್ನು ಊಹಿಸಿಕೊಳ್ಳಬಹುದು. ಆ ಬೀದಿಗೆ ಹೆಸರಾದ ಜಾನ್ ಬೌನ್ ಎಂಬಾತ ಸರ್ಕಾರ ನಿಷೇಧಿಸಿದ್ದ ಕ್ವೇಕರ್ ಪಂಥದವರಿಗೆ ತನ್ನ ಮನೆಯೊಳಗೆ ಪ್ರಾರ್ಥನೆ ನಡೆಸಲು ಬಿಟ್ಟನೆಂದು 1662ರಲ್ಲಿ ಸೆರೆಯಾಗಿ ಗಡೀಪಾರಾದವನು. ಅವನ ಮನೆ ಇನ್ನೂ ನಿಂತಿದೆ.

ಸುಮ್ಮನೆ ಕೂರಲಾರದೆ ಮಗಳ ಮನೆಗೆ ನಾನೇ ಒಂದು ಚಕ್ಕುಬಂದಿಯನ್ನು ಕಾಗದದ ಮೇಲೆ ಬರೆದೆ. ಪೂರ್ವಕ್ಕೆ ಟಿಬೆಟಿನ ನರ್ಸ್ ಒಬ್ಬರ ಮನೆ, ಪಶ್ಚಿಮಕ್ಕೆ ಮೆಟ್ಟಿಲು, ಉತ್ತರಕ್ಕೆ ಆ ಕಟ್ಟಡದಲ್ಲೇ ಬೆಳೆದ ಯಹೂದಿ ವೃದ್ಧೆಯ ಮನೆ, ದಕ್ಷಿಣಕ್ಕೆ ಹೊರಗಿನವರು ಕಾಲಿಡಬಾರದ ಉದ್ಯಾನ. ಮೇಲಕ್ಕೆ ಪಿಯಾನೋ ಕಲಿಯುತ್ತಿರುವ ಈಕ್ವೆಡಾರಿನ ಹುಡುಗ. ಮೇಲೆ ಕೆಳಗೆ ಎಂಬ ದಿಕ್ಕುಗಳನ್ನು ಹಾಸನದಲ್ಲಿ ನಾನು ಬರೆದವನಲ್ಲ. ಇವರೆಲ್ಲ ಅಕ್ಕರೆಯ ಬಂಧುಗಳೇನೂ ಆಗಿಲ್ಲ, ಎದುರಾದರೆ ತಲೆಯಾಡಿಸುತ್ತಾರೆ, ಹೀಟರ್ ಕೆಟ್ಟರೆ ಒಟ್ಟಿಗೆ ದೂರು ಬರೆಯುತ್ತಾರೆ. ಅಷ್ಟು ಸಾಕೆಂದು ಮಗಳ ಅಭಿಪ್ರಾಯ, ನನಗೆ ಅದು ಇನ್ನೂ ಪೂರ್ತಿ ರುಚಿಸಿಲ್ಲ. ಚೌತಿಯ ದಿನ ಕಡುಬನ್ನು ಯಾರ ಮನೆಗೂ ಕೊಡದೆ ತಿನ್ನುವುದು ಹೇಗೆ?

ಕಳೆದ ವಾರ್ಷಿಕ ಸಭೆಯಲ್ಲಿ ಷೇರುದಾರರು ಅವಳನ್ನು ಆಡಳಿತ ಮಂಡಳಿಗೆ ಆರಿಸಿದ್ದಾರೆ. ಈಗ ಬೇರೆಯವರ ಕಡತಗಳು ಅವಳ ಮುಂದೆ ಬರುತ್ತವೆ. ನಿರಾಕರಿಸಿದವರಿಗೆ ಕಾರಣವನ್ನು ಬರೆದುಕೊಡಬೇಕೆಂದು ಅವಳು ಸಲಹೆಯಿಟ್ಟಾಗ, ಬರೆದದ್ದೆಲ್ಲ ನಾಳೆ ಮೊಕದ್ದಮೆಯಲ್ಲಿ ಸಾಕ್ಷಿಯಾಗುತ್ತದೆ ಎಂದು ಕಟ್ಟಡದ ವಕೀಲರು ತಡೆದರಂತೆ. ಹಳೆಯ ಸದಸ್ಯರಲ್ಲಿ ಕೆಲವರು ವಕೀಲರ ಕಡೆಗಿದ್ದಾರೆ. "ಅಪ್ಪಾ, ನಿಮ್ಮ ಕಚೇರಿಯಲ್ಲಿ ಪತ್ರ ವಾಪಸು ಕಳಿಸುವಾಗ ಏನು ಮಾಡುತ್ತಿದ್ದರು?" ಎಂದು ಫೋನಿನಲ್ಲಿ ಕೇಳಿದಳು. 1908ರ ನೋಂದಣಿ ಕಾಯ್ದೆಯ 71ನೇ ಕಲಂ ನನಗೆ ಬಾಯಿಪಾಠ. ದಸ್ತಾವೇಜನ್ನು ನೋಂದಾಯಿಸಲು ನಿರಾಕರಿಸುವ ಸಬ್ ರಿಜಿಸ್ಟ್ರಾರ್, ಸ್ವತ್ತು ತನ್ನ ವ್ಯಾಪ್ತಿಗೆ ಸೇರಿಲ್ಲವೆಂಬ ಸಂದರ್ಭವೊಂದನ್ನು ಬಿಟ್ಟು, ಕಾರಣಗಳನ್ನು 2ನೇ ಪುಸ್ತಕದಲ್ಲಿ ದಾಖಲಿಸಲೇಬೇಕು, ಪತ್ರಕ್ಕೆ ಸಂಬಂಧಪಟ್ಟವರು ಅರ್ಜಿ ಕೊಟ್ಟರೆ ಅದರ ನಕಲನ್ನು ಹಣ ತೆಗೆದುಕೊಳ್ಳದೆ, ತಡಮಾಡದೆ ಕೊಡಬೇಕು, 72ನೇ ಕಲಮಿನಂತೆ 30 ದಿನಗಳೊಳಗೆ ರಿಜಿಸ್ಟ್ರಾರರಿಗೆ ಮೇಲ್ಮನವಿ ಹೋಗಬಹುದು. ಅವಳು ಅದರ ಇಂಗ್ಲಿಷ್ ಪಾಠವನ್ನು ಕಳುಹಿಸಲು ಹೇಳಿದಳು, ಕಳುಹಿಸಿದ್ದೇನೆ. ಮುಂದಿನ ತಿಂಗಳ ಮಂಡಳಿಯ ಸಭೆಯಲ್ಲಿ ಅದು ಚರ್ಚೆಗೆ ಬರಲಿದೆ.